ಜಪ್ಪಯ್ಯ ಅಂದರೂ ಕದಲದ ಪ್ರೈಮರ್

1866ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಸೇನೆಯ ಹಿನ್ನೆಲೆಯ ಇಬ್ಬರು ಒಂದೇ ತೊಡಕಿಗೆ ಎರಡು ಬಗೆಯ ಪರಿಹಾರ ಹುಡುಕಿ ಪೇಟೆಂಟ್ ಪಡೆದರು. ಮಾರ್ಚ್ ತಿಂಗಳಲ್ಲಿ ಅಮೆರಿಕದ ಹೈರಮ್ ಬರ್ಡನ್, ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ವೂಲಿಚ್‌ನಲ್ಲಿದ್ದ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥ ಎಡ್ವರ್ಡ್ ಬಾಕ್ಸರ್. ಬಂದೂಕಿನ ತೋಟಾದ ತಳದಲ್ಲಿ ಕಿಡಿ ಹುಟ್ಟಿಸುವ ಪುಟ್ಟ ಬಟ್ಟಲು, ಅಂದರೆ ಪ್ರೈಮರ್, ಹೇಗಿರಬೇಕು ಎಂಬುದು ಇಬ್ಬರ ಮುಂದಿದ್ದ ಪ್ರಶ್ನೆ. ಕಾಲ ಉರುಳಿದಂತೆ ಇತಿಹಾಸ ಒಂದು ತಮಾಷೆ ಮಾಡಿತು. ಅಮೆರಿಕನ್ನನ ವಿನ್ಯಾಸ ಯುರೋಪಿನ ಸೇನೆಗಳ ಪಾಲಾಯಿತು, ಇಂಗ್ಲಿಷನ ವಿನ್ಯಾಸ ಅಮೆರಿಕದ ಮನೆಮನೆಯ ಗ್ಯಾರೇಜು ಸೇರಿತು. ಬಾಕ್ಸರನ ಸ್ವಂತ ಬ್ರಿಟಿಷ್ ಸೇನೆಯೇ ಮುಂದೆ ತನ್ನ .303 ರೈಫಲ್ಲಿನ ತೋಟಾಗಳಿಗೆ ಹೆಚ್ಚಾಗಿ ಬರ್ಡನ್ ಪ್ರೈಮರನ್ನೇ ಬಳಸಿತು.

ಅಮೆರಿಕದಲ್ಲಿ ಗುರಿಕಾರರು, ಬೇಟೆಗಾರರು ಬಿಡುವಿನ ವೇಳೆಯಲ್ಲಿ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುತ್ತಾರೆ. ತೋಟಾದಲ್ಲಿ ಹೆಚ್ಚು ಬೆಲೆ ಬಾಳುವ ಭಾಗ ಹಿತ್ತಾಳೆಯ ಕೊಳವೆ. ಅದನ್ನು ಹಲವು ಬಾರಿ ಬಳಸಬಹುದು. ಗುಂಡು, ಮದ್ದು, ಪ್ರೈಮರ್ ಮಾತ್ರ ಪ್ರತಿ ಸಲ ಹೊಸದು. ಹೊಸ ಪ್ರೈಮರ್ ಕೂರಬೇಕಾದರೆ ಹಳೆಯದು ಹೊರಬೀಳಬೇಕು. ಸಾಮಾನ್ಯವಾಗಿ ಅದು ತೋಟಾ ಒತ್ತುವ ಯಂತ್ರದ, ಅಂದರೆ ಪ್ರೆಸ್ಸಿನ, ಹಿಡಿ ಒಮ್ಮೆ ಇಳಿಸಿದರೆ ಮುಗಿಯುವ ಕೆಲಸ. ಆದರೆ ಕೆಲವೊಮ್ಮೆ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಆಗ ಹಿಡಿಯ ಮೇಲೆ ಇನ್ನಷ್ಟು ಭಾರ ಹಾಕಬೇಕೆನಿಸುವುದು ಸಹಜ, ಅದೇ ತಪ್ಪು ಕೂಡ. ಪ್ರೈಮರ್ ಹಟ ಹಿಡಿದಿದ್ದರೆ ಆ ತೋಟಾ ಎಲ್ಲಿಂದ ಬಂತು, ಅದರ ಮೇಲೆ ಏನೇನು ನಡೆದಿದೆ ಎಂಬುದಕ್ಕೆ ಅಲ್ಲೊಂದು ಸುಳಿವು ಇರುತ್ತದೆ. ಮೊದಲು ನೋಡುವುದು, ಆಮೇಲೆ ಒತ್ತುವುದು ಎಂಬುದು ಈ ಕಸುಬಿನ ಕ್ರಮ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ದೇಶದಲ್ಲಿ ಇದು ಮನೆಯಲ್ಲಿ ಮಾಡುವ ಹವ್ಯಾಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಮದ್ದುಗುಂಡು ಎಂಬುದಕ್ಕೆ ಕಾಯ್ದೆ ಕೊಡುವ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ, 2029ರವರೆಗೆ ವಿಸ್ತರಣೆಯಾಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತೋಟಾ ತಯಾರಿಕೆಗೆ ಅಲ್ಲ.

ಒಂದು ತೂತೋ, ಎರಡೋ

ಕಿಡಿಯ ಕಥೆ ಶುರುವಾದದ್ದು ಹಕ್ಕಿಗಳಿಂದ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ಗೆ ಬಾತುಕೋಳಿ ಬೇಟೆಯ ಹುಚ್ಚು. ಚಕಮಕಿ ಕಲ್ಲಿನ ಕೋವಿಯಲ್ಲಿ ಮೊದಲು ಹೊರಗಿನ ಬಟ್ಟಲಿನ ಮದ್ದು ಭಗ್ಗೆಂದು ಉರಿದು, ಆಮೇಲೆ ಈಡು ಹಾರುತ್ತಿತ್ತು. ಆ ಬೆಳಕು ಕಂಡ ಹಕ್ಕಿ ಗುಂಡು ಮುಟ್ಟುವ ಮೊದಲೇ ಪರಾರಿ. ಪೆಟ್ಟು ಬಿದ್ದೊಡನೆ ಸಿಡಿಯುವ ಫಲ್ಮಿನೇಟ್ ರಾಸಾಯನಿಕವನ್ನು ಬಳಸುವ ಉಪಾಯಕ್ಕೆ ಆತ 1807ರಲ್ಲಿ ಪೇಟೆಂಟ್ ಪಡೆದ. ಮುಂದೆ ಅದೇ ತಾಮ್ರದ ಕೇಪಾಯಿತು. 1857ರಲ್ಲಿ ಭಾರತದ ಸಿಪಾಯಿಗಳು ಕಚ್ಚಿ ಹರಿಯಲು ಒಪ್ಪದ ಎನ್‌ಫೀಲ್ಡ್ ತೋಟಾ ಕಾಗದದ್ದು. ಅದರೊಳಗೆ ಕಿಡಿಯ ವ್ಯವಸ್ಥೆ ಇರಲಿಲ್ಲ, ಕೇಪನ್ನು ಬೇರೆಯಾಗಿ ಕೋವಿಯ ಮೊಲೆಯ ಮೇಲೆ ಕೂರಿಸಬೇಕಿತ್ತು. ಮಲೆನಾಡಿನ ಹಳೆಯ ಕೇಪಿನ ಕೋವಿಗಳದ್ದೂ ಇದೇ ಏರ್ಪಾಡು. ಗುಂಡು, ಮದ್ದು, ಕೇಪು ಮೂರನ್ನೂ ಒಂದೇ ಲೋಹದ ಕೊಳವೆಯಲ್ಲಿ ಸೇರಿಸಿದ ಮೇಲೆಯೇ ಉರಿದುಹೋದ ಕೇಪನ್ನು ಹೊರತೆಗೆಯುವ ಪ್ರಶ್ನೆ ಎದ್ದದ್ದು.

ಪ್ರೈಮರಿನ ಸಿಡಿಮದ್ದು ತಪ್ಪದೆ ಸಿಡಿಯಬೇಕಾದರೆ ಒಂದು ಆಸರೆ ಬೇಕು. ಹೊಡೆತ ಬಿದ್ದಾಗ ಅದು ಯಾವುದಾದರೂ ಗಟ್ಟಿ ವಸ್ತುವಿಗೆ ತಾಗಿ ನಜ್ಜುಗುಜ್ಜಾಗಬೇಕು. ಆ ಅಡಿಗಲ್ಲು ಎಲ್ಲಿರಬೇಕು? ಬರ್ಡನ್ ಅದನ್ನು ತೋಟಾದ ತಳದಲ್ಲೇ, ಪ್ರೈಮರ್ ಕೂರುವ ಗೂಡಿನ ನಡುವೆ ಉಬ್ಬಿನಂತೆ ಮಾಡಿದ. ನಡುವಿನ ಜಾಗ ಅಡಿಗಲ್ಲಿಗೆ ಹೋದದ್ದರಿಂದ ಕಿಡಿ ಒಳಗೆ ಹಾಯಲು ಪಕ್ಕದಲ್ಲಿ ಎರಡು ಸಣ್ಣ ತೂತುಗಳು ಬೇಕಾದವು. ಬಾಕ್ಸರ್ ಅಡಿಗಲ್ಲನ್ನು ಪ್ರೈಮರಿನೊಳಗೇ ಕೂರಿಸಿದ, ಹಾಗಾಗಿ ಗೂಡಿನ ನಟ್ಟನಡುವೆ ಒಂದೇ ತೂತು ಸಾಕಾಯಿತು. ಕಾರ್ಖಾನೆಯ ಲೆಕ್ಕದಲ್ಲಿ ಬರ್ಡನ್ ಪ್ರೈಮರ್ ಅಗ್ಗ, ಸರಳ. ಬಾಕ್ಸರ್ ತೋಟಾದಲ್ಲಾದರೋ ಬಾಯಿಯಿಂದ ನೇರ ಒಂದು ಪಿನ್ನು ಇಳಿಸಿ, ನಡುವಿನ ತೂತಿನ ಮೂಲಕ ಹಳೆಯ ಪ್ರೈಮರನ್ನು ಹೊರದಬ್ಬಬಹುದು. ಒಮ್ಮೆ ಬಳಸಿ ಎಸೆಯುವ ಸೇನೆಗೆ ಮೊದಲನೆಯದು ಹಿಡಿಸಿತು, ಮತ್ತೆ ತುಂಬುವ ಅಮೆರಿಕನ್ ಬೇಟೆಗಾರನಿಗೆ ಎರಡನೆಯದು.

ಮರುತುಂಬುವ ಉಪಕರಣಗಳೂ ಅದರ ಹಿಂದೆಯೇ ಬಂದವು. 1884ರಲ್ಲಿ ಜಾನ್ ಬಾರ್ಲೋ ಆರಂಭಿಸಿದ ಐಡಿಯಲ್ ಕಂಪನಿಯ ಇಕ್ಕಳದಂಥ ಸಾಧನ ಬೇಟೆಗಾರರ ಚೀಲ ಸೇರಿತು. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಫ್ರೆಡ್ ಹಂಟಿಂಗ್‌ಟನ್ ಕಟ್ಟಿದ ಆರ್‌ಸಿಬಿಎಸ್ ಭಾರಿ ಪ್ರೆಸ್ಸುಗಳಿಗೆ ಹೆಸರಾಯಿತು. 1958ರಲ್ಲಿ ರಿಚರ್ಡ್ ಲೀ ತಂದ ಲೀ ಲೋಡರ್ ಎಂಬ ಅಗ್ಗದ ಸೆಟ್ಟಿಗೆ ಪ್ರೆಸ್ಸೇ ಬೇಡ. ಪುಟ್ಟ ತಳದ ಮೇಲೆ ತೋಟಾ ನಿಲ್ಲಿಸಿ, ಒಳಗೆ ಕಡ್ಡಿ ಇಳಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಪ್ರೈಮರ್ ಕೆಳಗೆ ಬೀಳುತ್ತದೆ. ಉಪಕರಣ ಯಾವುದೇ ಇರಲಿ, ಬಾಕ್ಸರನ ನಡುತೂತನ್ನೇ ಎಲ್ಲವೂ ನಂಬಿವೆ.

ಪಿನ್ನು ಮುರಿದಾಗ

ಪಿನ್ನು ಬಾಗಿದರೆ, ಮುರಿದರೆ ಮೊದಲು ಪರೀಕ್ಷಿಸಬೇಕಾದದ್ದು ಬರ್ಡನ್ ತೋಟಾ ನುಸುಳಿದೆಯೇ ಎಂಬುದನ್ನು. ನಡುವೆ ತೂತಿರಬೇಕಾದಲ್ಲಿ ಅಡಿಗಲ್ಲಿನ ಉಬ್ಬು ಇದ್ದರೆ ಪಿನ್ನು ಅದಕ್ಕೆ ಗುದ್ದುತ್ತದೆ. ಇದನ್ನು ತಪ್ಪಿಸಲು ಒಂದು ಟಾರ್ಚ್ ಸಾಕು. ತೋಟಾದ ಬಾಯಿಗೆ ಬೆಳಕು ಹಿಡಿದು ಇಣುಕಿದರೆ ತಳದಲ್ಲಿ ಒಂದು ಚುಕ್ಕಿಯೋ ಎರಡೋ ಎಂದು ತಿಳಿಯುತ್ತದೆ. ಶೂಟಿಂಗ್ ರೇಂಜಿನ ನೆಲದಿಂದ ಹೆಕ್ಕಿ ತಂದ ತೋಟಾಗಳಿಗೆ ಒಂದು ಅಯಸ್ಕಾಂತವನ್ನೂ ಹಿಡಿದು ನೋಡಬಹುದು. ಮೇಲೆ ಹಿತ್ತಾಳೆಯ ಬಣ್ಣವಿದ್ದು ಒಳಗೆ ಉಕ್ಕಿರುವ ತೋಟಾಗಳು ಅದಕ್ಕೆ ಅಂಟುತ್ತವೆ, ಅವುಗಳಲ್ಲಿ ಹೆಚ್ಚಿನವು ಬರ್ಡನ್ ಜಾತಿಯವು.

ಬರ್ಡನ್ ಪ್ರೈಮರನ್ನು ತೆಗೆಯಲು ದಾರಿಗಳಿಲ್ಲವೆಂದಲ್ಲ. ತೋಟಾದಲ್ಲಿ ನೀರು ತುಂಬಿ, ಬಾಯಿಗೆ ಬಿಗಿಯಾಗಿ ಕೂರುವ ಕಡ್ಡಿ ಇಳಿಸಿ ಬಡಿದರೆ ಎರಡು ತೂತುಗಳ ಮೂಲಕ ನುಗ್ಗಿದ ನೀರಿನ ಒತ್ತಡ ಪ್ರೈಮರನ್ನು ಹೊರದೂಡುತ್ತದೆ. ಹೊರಗಿನಿಂದಲೇ ಪ್ರೈಮರಿಗೆ ಮೊನೆ ಚುಚ್ಚಿ ಮೀಟಿ ತೆಗೆಯುವ ಸಾಧನಗಳೂ ಇವೆ. ಆದರೆ ಇಷ್ಟೆಲ್ಲ ಮಾಡಿದ ಮೇಲೆ ಸರಿಯಾದ ಅಳತೆಯ ಹೊಸ ಬರ್ಡನ್ ಪ್ರೈಮರ್ ಅಮೆರಿಕದ ಅಂಗಡಿಯಲ್ಲಿ ಸಿಗುವುದೇ ಕಷ್ಟ. ಬೇರೆ ತೋಟಾ ದೊರೆಯದ ಹಳೆಯ ಅಪರೂಪದ ರೈಫಲ್ ಇದ್ದವರು ಮಾತ್ರ ಈ ಗೋಜಿಗೆ ಹೋಗುತ್ತಾರೆ. ಉಳಿದವರ ಪಾಲಿಗೆ ಅದು ಗುಜರಿ.

ಬಾಕ್ಸರ್ ತೋಟಾಗಳಲ್ಲೂ ತೂತಿನ ಅಳತೆ ಒಂದೇ ಅಲ್ಲ. ಸಾಮಾನ್ಯ ತೂತು ಸುಮಾರು 2 ಮಿಲಿಮೀಟರ್. ಫಿನ್ಲೆಂಡಿನ ಲಪುವಾ ಕಂಪನಿ ನಿಖರ ಗುರಿಯ ಸ್ಪರ್ಧೆಗಳಿಗೆಂದು ಮಾಡುವ ಕೆಲವು ತೋಟಾಗಳಲ್ಲಿ ಅದು 1.5 ಮಿಲಿಮೀಟರ್ ಮಾತ್ರ. ಸಾಮಾನ್ಯ ಪಿನ್ನು ಅದಕ್ಕಿಂತ ತುಸು ದಪ್ಪ. ಬಲವಂತವಾಗಿ ಇಳಿಸಿದರೆ ಪಿನ್ನು ತೂತಿನಲ್ಲೇ ಸಿಕ್ಕಿಬೀಳುತ್ತದೆ, ತೋಟಾ ಹಿಂದೆ ಬರುವಾಗ ಪಿನ್ನನ್ನೂ ಕಿತ್ತುಕೊಂಡು ಬರುತ್ತದೆ. ಇಂಥವಕ್ಕೆಂದೇ ಸಪೂರ ಪಿನ್ನುಗಳು ಸಿಗುತ್ತವೆ. ಡ್ರಿಲ್ ಹಿಡಿದು ತೂತು ಅಗಲಿಸುವುದು ಉಪಾಯವಲ್ಲ, ಕಿಡಿ ಹಾಯುವ ದಾರಿ ಬದಲಾದರೆ ಮದ್ದು ಉರಿಯುವ ರೀತಿಯೂ ಬದಲಾಗಬಹುದು.

ಪಿನ್ನು ಮುರಿಯಲು ಮೂರನೆಯ ಕಾರಣ ಒಳಗೆ ಕುಳಿತ ಅತಿಥಿ. ರೇಂಜಿನ ನೆಲದ ಹರಳು ಕೊಳವೆಯೊಳಗೆ ಸೇರಿರುತ್ತದೆ. ಹೊಳಪು ಕೊಡಲು ಬಳಸಿದ ಅಕ್ರೋಟಿನ ಚಿಪ್ಪಿನ ಪುಡಿ, ಜೋಳದ ದಿಂಡಿನ ತರಿ ಗಟ್ಟಿಯಾಗಿ ಕೂತಿರುತ್ತದೆ. ನೀರಿನಲ್ಲಿ ತೊಳೆಯುವಾಗ ಹಾಕುವ ಸಣ್ಣ ಉಕ್ಕಿನ ಕಡ್ಡಿಗಳು ಎರಡೆರಡಾಗಿ ತೂತಿಗೆ ಸಿಕ್ಕಿಕೊಂಡಿರುತ್ತವೆ. ಬೇರೆ ಬೇರೆ ಅಳತೆಯ ಪಿಸ್ತೂಲು ತೋಟಾಗಳನ್ನು ಒಟ್ಟಿಗೆ ತೊಳೆದಿದ್ದರಂತೂ .45 ಎಸಿಪಿಯ ಹೊಟ್ಟೆಯೊಳಗೆ 9 ಎಂಎಂ ಕೂತಿರುವುದು ತೀರಾ ಸಾಮಾನ್ಯ. ಅಳತೆವಾರು ಬೇರ್ಪಡಿಸಿ, ಪ್ರತಿಯೊಂದನ್ನೂ ಬೋರಲು ಹಾಕಿ ತಟ್ಟುವುದು ಬೇಸರದ ಕೆಲಸವೇ, ಆದರೂ ಹತ್ತು ಪಿನ್ನು ಮುರಿಯುವುದಕ್ಕಿಂತ ಅಗ್ಗ.

ತೋಟಾ ಸರಿಯಿದ್ದೂ ಪಿನ್ನು ಬಾಗುತ್ತಿದ್ದರೆ ದೋಷ ಡೈಯ, ಅಂದರೆ ಪಿನ್ನನ್ನು ಹಿಡಿದು ಪ್ರೆಸ್ಸಿನಲ್ಲಿ ಕೂರುವ ಅಚ್ಚಿನ, ಜೋಡಣೆಯದು. ಪಿನ್ನು ಡೈಯ ಬಾಯಿಯಿಂದ ಕೆಳಗೆ ಸುಮಾರು 3ರಿಂದ 5 ಮಿಲಿಮೀಟರ್ ಚಾಚಿದರೆ ಸಾಕು. ಹೆಚ್ಚು ಚಾಚಿದರೆ ಪಿನ್ನು ಹಿಡಿದ ದಪ್ಪ ಕಡ್ಡಿಯೇ ತೋಟಾದ ತಳಕ್ಕೆ ಗುದ್ದುತ್ತದೆ. ಕಡಿಮೆಯಾದರೆ ಪ್ರೈಮರ್ ಅರ್ಧ ಹೊರಬಂದು ನಿಲ್ಲುತ್ತದೆ. ಕಡ್ಡಿ ಓರೆಯಾಗಿದ್ದರೆ ಪಿನ್ನು ತೂತಿನ ಅಂಚಿಗೆ ತಾಗುತ್ತದೆ. ಕೆಲವು ಡೈಗಳಲ್ಲಿ ಕಡ್ಡಿಯನ್ನು ಹಿಡಿತದ ನಟ್ಟಿನಲ್ಲಿ ಬಿಗಿದಿರುತ್ತಾರೆ, ಮಿತಿಮೀರಿದ ಒತ್ತಡ ಬಿದ್ದಾಗ ಕಡ್ಡಿ ಮುರಿಯದೆ ಮೇಲಕ್ಕೆ ಜಾರುತ್ತದೆ. ಅದು ಜಾರಿತೆಂದು ನಟ್ಟನ್ನು ಇನ್ನಷ್ಟು ಬಿಗಿಯುವವರು ಅದನ್ನು ಅಲ್ಲಿಟ್ಟ ಉದ್ದೇಶವನ್ನೇ ಮರೆಯುತ್ತಾರೆ.

ಸೇನೆಯ ಬಿಗಿ

ತೂತು ಸರಿಯಿದೆ, ಪಿನ್ನು ನೇರವಿದೆ, ಆದರೂ ಹಿಡಿ ಗಡುಸು. ಆಗ ತೋಟಾವನ್ನು ತಿರುಗಿಸಿ ತಳದ ಮುದ್ರೆ ನೋಡಬೇಕು. ವೃತ್ತದೊಳಗೆ ಅಡ್ಡ ಉದ್ದ ಗೆರೆ ಎಳೆದ ನ್ಯಾಟೊ ಚಿಹ್ನೆ ಇದ್ದರೆ ಅದು ಸೇನೆಯ ತೋಟಾ. ಯಾಂತ್ರಿಕ ಬಂದೂಕಿನ ವೇಗದಲ್ಲಿ ಒಂದು ಪ್ರೈಮರ್ ಗೂಡಿನಿಂದ ಸಡಿಲಗೊಂಡು ಯಂತ್ರದೊಳಗೆ ಬಿದ್ದರೂ ಬಂದೂಕು ಸ್ತಬ್ಧ. ಅದಕ್ಕಾಗಿ ಸೇನೆಗೆ ಮಾಡುವ ತೋಟಾಗಳಲ್ಲಿ ಪ್ರೈಮರ್ ಕೂರಿಸಿದ ಮೇಲೆ ಗೂಡಿನ ಅಂಚನ್ನು ಒಳಕ್ಕೆ ಮಡಿಚುತ್ತಾರೆ. ಕೆಲವದರಲ್ಲಿ ಸುತ್ತಲೂ ಉಂಗುರದಂತೆ, ಕೆಲವದರಲ್ಲಿ ಮೂರು ಕಡೆ ಚುಚ್ಚಿದಂತೆ. ಇದಕ್ಕೆ ಕ್ರಿಂಪ್ ಎನ್ನುತ್ತಾರೆ.

ಕ್ರಿಂಪ್ ಇರುವ ಪ್ರೈಮರ್ ಸರಿಯಾದ ಪಿನ್ನಿಗೆ ಬರುತ್ತದೆ, ಬಲ ಸ್ವಲ್ಪ ಹೆಚ್ಚು ಬೇಕು ಅಷ್ಟೆ. ಇಲ್ಲಿ ಗಾತ್ರ ಸರಿಮಾಡುವ ಡೈ ಬಳಸದೆ, ಪ್ರೈಮರ್ ತೆಗೆಯುವುದಕ್ಕೆಂದೇ ಇರುವ ಗಟ್ಟಿ ಕಡ್ಡಿಯ ಡೈ ಬಳಸುವುದು ಜಾಣತನ. ಎರಡು ಕೆಲಸದ ಭಾರ ಒಂದೇ ಪಿನ್ನಿನ ಮೇಲೆ ಬೀಳುವುದಿಲ್ಲ. ನಿಜವಾದ ತಲೆನೋವು ಆಮೇಲಿನದು. ಹಳೆಯದು ಹೋದ ಮೇಲೂ ಮಡಿಚಿದ ಅಂಚು ಹಾಗೆಯೇ ಉಳಿದಿರುತ್ತದೆ, ಹೊಸ ಪ್ರೈಮರ್ ಅದಕ್ಕೆ ತಗುಲಿ ಜಜ್ಜಿಹೋಗುತ್ತದೆ. ಸಿಡಿಮದ್ದು ತುಂಬಿದ ಬಟ್ಟಲನ್ನು ಜಜ್ಜುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಅಂಚನ್ನು ಕೆರೆದು ತೆಗೆಯಬೇಕು, ಇಲ್ಲವೇ ಉಕ್ಕಿನ ಗುಂಡಿಯಿಂದ ಒತ್ತಿ ಹಿಂದಕ್ಕೆ ಸರಿಸಬೇಕು. ಒಂದು ಸಲ ಮಾಡಿದರೆ ಆ ತೋಟಾದ ಬಾಳಿಗೆಲ್ಲ ಸಾಕು.

ನೀರು, ಉಪ್ಪು, ಅಮೋನಿಯ

ದೊಡ್ಡ ಪ್ರೈಮರ್ ಎಂದು ಕರೆಯುವುದರ ಅಡ್ಡಳತೆ 5.33 ಮಿಲಿಮೀಟರ್, ಚಿಕ್ಕದರದ್ದು 4.45. ತೊಗರಿ ಕಾಳಿನಷ್ಟು ಗಾತ್ರದ ಈ ಬಟ್ಟಲು ಗೂಡಿನ ಗೋಡೆಗೆ ಒತ್ತಿಕೊಂಡೇ ಕೂತಿರುತ್ತದೆ. ನಡುವೆ ನೀರು ನುಸುಳಿ ಹಸಿರು ಕಿಲುಬು ಹಿಡಿದರೆ ಎರಡೂ ಬೆಸುಗೆ ಹಾಕಿದಂತೆ ಅಂಟಿಕೊಳ್ಳುತ್ತವೆ. ಮಳೆಗೆ ನೆನೆದು ನೆಲದಲ್ಲಿ ಬಿದ್ದಿದ್ದ ತೋಟಾ, ಪ್ರೈಮರ್ ತೆಗೆಯದೆ ನೀರಿನಲ್ಲಿ ತೊಳೆದು ಸರಿಯಾಗಿ ಒಣಗಿಸದೆ ಡಬ್ಬಕ್ಕೆ ತುಂಬಿಟ್ಟ ತೋಟಾ, ಇವೆರಡೂ ಈ ಸಾಲಿನವು. ಇವುಗಳ ಮೇಲೆ ಪಿನ್ನು ಒತ್ತಿದಾಗ ಬಟ್ಟಲಿನ ತಳ ಮಾತ್ರ ತೂತಾಗಿ ಉದುರುತ್ತದೆ, ಗೋಡೆ ಉಂಗುರವಾಗಿ ಗೂಡಿನಲ್ಲೇ ಉಳಿಯುತ್ತದೆ. ಕಣ್ಣಿಗೆ ಗೂಡು ಖಾಲಿಯಾದಂತೆ ಕಾಣುತ್ತದೆ. ಗಮನಿಸದೆ ಹೊಸ ಪ್ರೈಮರ್ ಕೂರಿಸಲು ಹೋದರೆ ಅಪಾಯ. ಉಂಗುರವನ್ನು ಕೊಕ್ಕೆಯಿಂದ ಅಥವಾ ಮೊನಚು ತಿರುಪಿನಿಂದ ಬಿಡಿಸಬಹುದು, ಆದರೆ ಗೂಡಿನ ಗೋಡೆ ಗೀರಿಹೋಗಿದ್ದರೆ ಆ ಶ್ರಮ ವ್ಯರ್ಥ. ಅನುಭವಿಗಳು ಇಕ್ಕಳದಲ್ಲಿ ತೋಟಾದ ಬಾಯಿ ಚಪ್ಪಟೆ ಮಾಡಿ ಗುಜರಿಗೆ ಹಾಕುತ್ತಾರೆ. ಮತ್ತೆ ಕೈ ತಪ್ಪಿ ಒಳ್ಳೆಯದರ ಜೊತೆ ಸೇರಬಾರದಲ್ಲ.

ಪರಿಹಾರ ಹಳೆಯದೇ. ಕರಿಮದ್ದಿನ ಉಳಿಕೆ ಹಿತ್ತಾಳೆಯನ್ನು ಬೇಗ ತಿನ್ನುವುದರಿಂದ, ಕರಿಮದ್ದು ಬಳಸುವವರು ಗುಂಡು ಹಾರಿಸಿದ ಮೇಲೆ ಪ್ರೈಮರನ್ನು ತಡಮಾಡದೆ ತೆಗೆದು ತೋಟಾ ತೊಳೆಯುತ್ತಿದ್ದರು, ಈಗಲೂ ತೊಳೆಯುತ್ತಾರೆ. ಇಂದಿನವರೂ ನೀರಿನಲ್ಲಿ ತೊಳೆಯುವ ಮುಂಚೆ ಪ್ರೈಮರ್ ತೆಗೆದುಬಿಟ್ಟರೆ ಗೂಡೂ ಸ್ವಚ್ಛವಾಗುತ್ತದೆ, ನೀರು ನಿಲ್ಲಲು ಮೂಲೆಯೂ ಇರುವುದಿಲ್ಲ. ಪ್ರೈಮರಿನ ರಾಸಾಯನಿಕ ಚರಿತ್ರೆಯೂ ಇಲ್ಲಿ ಬಂದು ಸೇರುತ್ತದೆ. ಹಳೆಯ ಪಾದರಸದ ಫಲ್ಮಿನೇಟ್ ಹಿತ್ತಾಳೆಯೊಳಗೆ ಇಳಿದು ಅದನ್ನು ಪೆಡಸು ಮಾಡುತ್ತಿತ್ತು, ಅಂಥ ತೋಟಾ ಮರುಬಳಕೆಗೆ ಬಾರದು. ಅದನ್ನು ಬಿಟ್ಟು ಪೊಟ್ಯಾಸಿಯಂ ಕ್ಲೋರೇಟಿಗೆ ಹೋದರೆ ಉರಿದ ಮೇಲೆ ಉಪ್ಪು ಉಳಿದು ನಳಿಗೆಗೆ ತುಕ್ಕು. ಕೊನೆಗೆ ನೆಲೆನಿಂತದ್ದು ಸೀಸದ ಸ್ಟಿಫ್ನೇಟ್. ಎಷ್ಟೋ ವರ್ಷಗಳ ಹಿಂದಿನ ಸೇನಾ ದಾಸ್ತಾನಿನ ತೋಟಾ ಕೈಗೆ ಬಂದಾಗ ಯಾವ ಕಾಲದ್ದೆಂದು ವಿಚಾರಿಸುವುದು ಈ ಕಾರಣಕ್ಕೆ.

ಹಿತ್ತಾಳೆ ಬೆಳಗಲು ಅಮೋನಿಯ ಇರುವ ಪಾಲಿಶ್ ಬಳಸಬಾರದೆಂಬ ನಿಯಮದ ಹಿಂದೆ ಭಾರತದ್ದೇ ಕಥೆಯಿದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೇನೆಯ ತೋಟಾಗಳು ಮಳೆಗಾಲದಲ್ಲಿ ಯಾರೂ ಮುಟ್ಟದೆಯೇ ಬಿರಿಯುತ್ತಿದ್ದವು. ಹೊಸ ಹಿತ್ತಾಳೆ, ಬಳಸಿಯೇ ಇಲ್ಲ, ಆದರೂ ಸೀಳು. ಋತುವಿಗೆ ತಕ್ಕಂತೆ ಬರುತ್ತಿದ್ದ ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರೇ ಬಿತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಲೋಹವಿಜ್ಞಾನಿಗಳು ಅದರ ಗುಟ್ಟು ಬಿಡಿಸಿದರು. ಕೊಳವೆಯನ್ನು ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದ ಬಿಗಿತ ಒಂದು ಕಡೆ, ಕುದುರೆ ಲಾಯಗಳ ಗಂಜಲದಿಂದ ಏಳುವ ಅಮೋನಿಯ ಇನ್ನೊಂದು ಕಡೆ, ಜೊತೆಗೆ ಮಳೆಗಾಲದ ತೇವ. ಮೂರೂ ಸೇರಿದಲ್ಲಿ ಹಿತ್ತಾಳೆ ಸೀಳಿತು. ರೂಪಿಸಿದ ಮೇಲೆ ಹದವಾಗಿ ಕಾಯಿಸಿ ಬಿಗಿತ ಇಳಿಸುವುದು ಅದಕ್ಕೆ ಮದ್ದಾಯಿತು. ಮರುತುಂಬುವವರು ಪ್ರತಿ ಸಲ ಡೈಯಲ್ಲಿ ಒತ್ತಿದಾಗಲೂ ಅದೇ ಬಿಗಿತವನ್ನು ಲೋಹಕ್ಕೆ ಮರಳಿ ತುಂಬುತ್ತಾರೆ. ಅದಕ್ಕೇ ಅಮೋನಿಯದಿಂದ ದೂರ.

ಹೋದಂತೆ ಮಾಡಿ ಮರಳುವುದು

ಬಿದ್ದುಹೋಯಿತು ಎಂದುಕೊಂಡ ಪ್ರೈಮರ್ ಮತ್ತೆ ಗೂಡು ಸೇರುವ ತೊಂದರೆಯೂ ಒಂದಿದೆ. ಪಿನ್ನಿನ ಮೊನೆ ಬಟ್ಟಲಿನ ತಳವನ್ನು ಕಚ್ಚಿ ಹಿಡಿದಿರುತ್ತದೆ. ಪಿನ್ನು ಹಿಂದೆ ಸರಿಯುವಾಗ ಪ್ರೈಮರೂ ಜೊತೆಗೇ ಏರಿ ಗೂಡಿನಲ್ಲಿ ಅರ್ಧಂಬರ್ಧ ಕೂರುತ್ತದೆ. ಒಂದೊಂದೇ ತೋಟಾ ಮಾಡುವ ಪ್ರೆಸ್ಸಿನಲ್ಲಿ ಇದು ಕಣ್ಣಿಗೆ ಬೀಳುತ್ತದೆ, ಮತ್ತೊಮ್ಮೆ ಒತ್ತಿದರಾಯಿತು. ಹಿಡಿಯ ಪ್ರತಿ ಎಳೆತಕ್ಕೆ ಹಲವು ಹಂತಗಳು ಒಟ್ಟಿಗೆ ನಡೆಯುವ ಪ್ರೆಸ್ಸಿನಲ್ಲಿ ಹಾಗಲ್ಲ. ಮುಂದಿನ ಹಂತದಲ್ಲಿ ಜೀವಂತ ಪ್ರೈಮರೊಂದು ಹಳೆಯ ಪ್ರೈಮರಿನ ಮೇಲೆ ಒತ್ತಲ್ಪಡುತ್ತದೆ. ಪಿನ್ನಿನ ತುದಿಯ ಗರಿಗಳನ್ನು ಉಜ್ಜಿ ನುಣುಪು ಮಾಡುವುದು, ಒತ್ತಿದ ಕೊನೆಯಲ್ಲಿ ಸ್ಪ್ರಿಂಗಿನ ಬಲದಿಂದ ಪ್ರೈಮರನ್ನು ತಟ್ಟಿ ಉದುರಿಸುವ ಪಿನ್ನು ಬಳಸುವುದು, ಇವು ಪರಿಹಾರ. ಎಲ್ಲಕ್ಕಿಂತ ಮೊದಲು, ಹೊಸ ಪ್ರೈಮರ್ ಕೂರುವಾಗ ಕೈಗೆ ಎಂದಿಗಿಂತ ಬೇರೆ ಅನಿಸಿದರೆ ಅಲ್ಲೇ ನಿಲ್ಲಿಸಬೇಕು.

ಸಿಡಿಯದೆ ಉಳಿದ ಪ್ರೈಮರನ್ನು ಒತ್ತಿ ತೆಗೆಯುವ ಪ್ರಸಂಗವೂ ಬರುತ್ತದೆ. ಎಣ್ಣೆ ಬಿಟ್ಟರೆ ಪ್ರೈಮರ್ ಸತ್ತುಹೋಗುತ್ತದೆ ಎಂಬ ನಂಬಿಕೆಯ ಮೇಲೆ ಕಣ್ಣನ್ನು ಪಣಕ್ಕಿಡುವಂತಿಲ್ಲ. ಕ್ರಿಂಪ್ ಇರುವ ಜೀವಂತ ಪ್ರೈಮರನ್ನು ಬಲವಂತದಿಂದ ತೆಗೆಯುವುದಂತೂ ಬೇಡ. ಗುಂಡೂ ಮದ್ದೂ ಇಲ್ಲದ ಆ ತೋಟಾವನ್ನು ಬಂದೂಕಿಗೇ ಹಾಕಿ, ಸುರಕ್ಷಿತ ದಿಕ್ಕಿಗೆ ಹಿಡಿದು ಸಿಡಿಸಿಬಿಡುವುದು ರೂಢಿ. ಕೆಲಸ ಯಾವುದಾದರೂ ಕನ್ನಡಕ ಕಡ್ಡಾಯ. ಉರಿದ ಪ್ರೈಮರಿನ ಮಸಿಯಲ್ಲಿ ಸೀಸವಿದೆ. ಅದು ಕೈಗೆ, ಮೇಜಿಗೆ, ಒಣ ಪಾಲಿಶ್ ಡಬ್ಬದ ಧೂಳಿಗೆ ಹತ್ತುತ್ತದೆ. ಆ ಮೇಜಿನ ಬಳಿ ಊಟ ತಿಂಡಿ ಇಲ್ಲ, ಎದ್ದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಮಕ್ಕಳನ್ನು ಮುಟ್ಟುವುದೂ ಇಲ್ಲ.

ಸಲೀಸಾಗಿ ಬಂದರೆ

ಇಷ್ಟು ಹೊತ್ತು ಬಾರದ ಪ್ರೈಮರಿನ ಮಾತಾಯಿತು. ಪಳಗಿದವರು ಇದಕ್ಕಿಂತ ಹೆಚ್ಚು ಹೆದರುವುದು ಸಲೀಸಾಗಿ ಬರುವ ಪ್ರೈಮರಿಗೆ. ಕಾರಣ ತಿಳಿಯಲು ಗುಂಡು ಹಾರುವ ಕ್ಷಣದಲ್ಲಿ ತಳದಲ್ಲಿ ಏನಾಗುತ್ತದೆಂದು ನೋಡಬೇಕು. ಕಿಡಿ ಹತ್ತಿದೊಡನೆ ಪ್ರೈಮರ್ ಮೊದಲು ಗೂಡಿನಿಂದ ಕೂದಲೆಳೆಯಷ್ಟು ಹಿಂದೆ ಸರಿದು, ತೋಟಾದ ಹಿಂಬದಿಯನ್ನು ಮುಚ್ಚುವ ಬಂದೂಕಿನ ಬೋಲ್ಟಿಗೆ ಒರಗುತ್ತದೆ. ಮದ್ದಿನ ಒತ್ತಡ ಏರುತ್ತಿದ್ದಂತೆ ತೋಟಾದ ತಳವೇ ಹಿಂದೆ ಬಂದು ಪ್ರೈಮರನ್ನು ಮತ್ತೆ ಗೂಡಿಗೆ ಕೂರಿಸುತ್ತದೆ. .30-06 ರೈಫಲ್ಲಿನಲ್ಲಿ ಈ ಒತ್ತಡದ ಮಿತಿ ಚದರ ಇಂಚಿಗೆ 60,000 ಪೌಂಡ್. ಮದ್ದು ಹೆಚ್ಚಾಗಿ ಒತ್ತಡ ಮಿತಿ ಮೀರುತ್ತಿದ್ದರೆ ತಳದ ಹಿತ್ತಾಳೆ ಹಿಗ್ಗುತ್ತದೆ, ಪ್ರೈಮರ್ ಗೂಡೂ ಅದರೊಂದಿಗೆ ಅಗಲವಾಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ.

ಅಂಥ ತೋಟಾದಿಂದ ಪ್ರೈಮರ್ ಪಿನ್ನು ತಾಗಿದೊಡನೆ ಉದುರುತ್ತದೆ, ಹೊಸದು ಬೆರಳಿನ ಒತ್ತಡಕ್ಕೇ ಒಳಗೆ ಜಾರುತ್ತದೆ. ಅನುಭವವಿಲ್ಲದವರಿಗೆ ಅದು ಹಾಯೆನಿಸುತ್ತದೆ. ಮುಂದಿನ ಗುಂಡಿನಲ್ಲಿ ಬಿಸಿ ಅನಿಲ ಪ್ರೈಮರಿನ ಸುತ್ತ ಸೋರಿ ಬೋಲ್ಟನ್ನು ಸುಡಬಹುದು, ಗುರಿಕಾರನ ಮುಖದ ಕಡೆಗೂ ನುಗ್ಗಬಹುದು. ಕಿಲುಬು ಹಿಡಿದ ಪ್ರೈಮರ್ ಸಾಮಾನ್ಯವಾಗಿ ಒಂದು ಪಿನ್ನು ಮುರಿಯುತ್ತದೆ, ಸಡಿಲ ಗೂಡು ಕಣ್ಣನ್ನೇ ತೆಗೆಯಬಲ್ಲದು. ಒಂದೋ ಎರಡೋ ತೋಟಾ ಹೀಗಾದರೆ ಅವು ಬಹಳ ಸಲ ಬಳಸಿ ಸವೆದಿವೆ ಎಂದು ತಿಳಿಯಬಹುದು. ಒಂದೇ ಡಬ್ಬದ ಹೊಸ ತೋಟಾಗಳೆಲ್ಲ ಒಟ್ಟಿಗೆ ಸಡಿಲವಾದರೆ ತುಂಬಿದ ಮದ್ದಿನ ಅಳತೆಯಲ್ಲೇ ತಪ್ಪಿದೆ ಎಂದು ಅರ್ಥ. ಆಗ ಸಡಿಲವಾದ ತೋಟಾಗಳನ್ನು ಗುಜರಿಗೆ ಹಾಕುವುದರ ಜೊತೆಗೆ, ಅದೇ ಅಳತೆಯಲ್ಲಿ ತುಂಬಿಟ್ಟಿರುವ ಉಳಿದ ತೋಟಾಗಳನ್ನೂ ಬಂದೂಕಿಗೆ ಹಾಕದೆ ಬಿಚ್ಚಬೇಕು.